ಸಿಂಹರಾಜ ಕಾಡಿಗೆ ಒಬ್ಬ ಗೈಡ್ ಹುಡುಕಿದ್ದು

ಶ್ರೀಲಂಕಾ ಪ್ರವಾಸ ಪಕ್ಕಾ ಆದಾಗ ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಆಸೆ. ಯಜಮಾನರಿಗೆ ಸಮುದ್ರ. ಮಗಳಿಗೆ ಕ್ಯಾಂಡಿ ಕಡೆಯ ಬೆಟ್ಟದ ರೈಲು. ಮಾವನವರಿಗೆ ಒಂದು ಸಲ ವಿಮಾನ ಹತ್ತಬೇಕು, ಅದು ಎಲ್ಲಿ ಇಳಿಸಿದರೂ ಸರಿ. ನನಗೆ ಬೇಕಾಗಿದ್ದು ಸಿಂಹರಾಜ ಕಾಡು, ಮತ್ತೆ ಆ ಕಾಡಿನ ಹಕ್ಕಿಗಳನ್ನು ಬಲ್ಲ ಒಬ್ಬ ಗೈಡ್.

"ಹಕ್ಕಿ ನೋಡಾಕ ರೊಕ್ಕ ಕೊಡಬೇಕೇನ?" ಅಂತ ಯಜಮಾನರು ಕೇಳಿದರು. ಕೇಳುವಂಥ ಮಾತೇ. ನಾವು ಬಾಗಲಕೋಟೆ ನವನಗರದವರು. ಚಳಿಗಾಲ ಬಂತೆಂದರೆ ಆಲಮಟ್ಟಿ ಹಿನ್ನೀರಿನ ದಂಡೆಗೆ ಹೋಗಿ ನಿಂತರೆ ಸಾಕು. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಹೊಲದಂಚಿನಲ್ಲಿ ಮೇಯುತ್ತಿರುತ್ತವೆ. ನೀರು ಇಳಿದಂತೆ ಫ್ಲೆಮಿಂಗೊಗಳು ಬಂದು ರಾಡಿಯಲ್ಲಿ ಸಾಲಾಗಿ ನಿಲ್ಲುತ್ತವೆ. ಯಾರಿಗೂ ಒಂದು ರೂಪಾಯಿ ಕೊಡಬೇಕಾಗಿಲ್ಲ. ನನಗೆ ಹಕ್ಕಿಯ ಹುಚ್ಚು ಹತ್ತಿಸಿದ್ದೇ ಮಾವನವರು. ಅವರ ಊರು, ಹೊಲ ಎರಡೂ ಆ ಹಿನ್ನೀರಿನಲ್ಲಿ ಮುಳುಗಿವೆ. ಆದರೂ ಸಂಜೆ ಆದರೆ ಅದೇ ದಂಡೆಗೆ ಹೋಗಿ ಕೂರುತ್ತಾರೆ. ಬರೀ ಕೂಗು ಕೇಳಿ ಇದು ಇಂಥದ್ದು ಅಂತ ಹೇಳುತ್ತಾರೆ.

ಆದರೆ ನಮ್ಮದು ಬಯಲು. ಇಲ್ಲಿ ಹಕ್ಕಿ ಅರ್ಧ ಕಿಲೋಮೀಟರ್ ದೂರ ಇದ್ದರೂ ದುರ್ಬೀನಿಗೆ ಸಿಗುತ್ತದೆ. ಸಿಂಹರಾಜ ಮಳೆಕಾಡು. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ನಮ್ಮಲ್ಲಿ 600 ಮುಟ್ಟಿದರೆ ಆ ವರ್ಷ ಒಳ್ಳೇದಾಯ್ತು ಅನ್ನುತ್ತೇವೆ. ಅಂಥ ಕಾಡಿನಲ್ಲಿ ಹಕ್ಕಿ ಹತ್ತಡಿ ದೂರದಲ್ಲಿದ್ದರೂ ಎಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಕೂಗಿನಿಂದ ಹುಡುಕೋಣ ಅಂದರೆ ಆ ಕೂಗುಗಳೇ ನಮಗೆ ಹೊಸವು. ಶ್ರೀಲಂಕಾ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿಗಳು 30ಕ್ಕೂ ಹೆಚ್ಚಿವೆ. ಅವುಗಳಲ್ಲಿ ಬಹುಪಾಲು ಈ ಒಂದು ಕಾಡಿನಲ್ಲಿ ಸಿಗುತ್ತವೆ. 1988ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಷ್ಟು ದೂರ ಹೋಗಿ ಎಲೆ ನೋಡಿ ಬರುವುದಕ್ಕೆ ನನಗೆ ಮನಸ್ಸಿರಲಿಲ್ಲ.

ಸಿಂಹರಾಜದ ಗೇಟಿನಲ್ಲಿ ಟಿಕೆಟ್ ತಗೊಂಡ ಮೇಲೆ ಅಲ್ಲಿನ ಒಬ್ಬ ಗೈಡ್ ನಿಮ್ಮ ಜೊತೆ ಬರಲೇಬೇಕು, ಅದು ಅರಣ್ಯ ಇಲಾಖೆಯ ನಿಯಮ. ಹಾಗಿದ್ದ ಮೇಲೆ ಇನ್ನೊಬ್ಬ ಗೈಡ್ ಯಾಕೆ ಅಂತ ನೀವು ಕೇಳಬಹುದು. ಗೇಟಿನಲ್ಲಿ ಯಾರು ಸಿಗುತ್ತಾರೆ ಅನ್ನುವುದು ಸರದಿಯ ಮೇಲೆ ಹೋಗುತ್ತದೆ. ಅವರಲ್ಲಿ ಹಕ್ಕಿ ಚೆನ್ನಾಗಿ ಬಲ್ಲವರೂ ಇದ್ದಾರೆ. ಮರ, ಗಿಡ, ಜಲಪಾತ ತೋರಿಸುವವರೂ ಇದ್ದಾರೆ. ನಮ್ಮ ಹತ್ತಿರ ಇದ್ದದ್ದು ಸ್ವಲ್ಪವೇ ಸಮಯ. ಅದನ್ನು ಅದೃಷ್ಟಕ್ಕೆ ಬಿಡುವುದು ಬೇಡ ಅನ್ನಿಸಿತು.

ಹುಡುಕಾಟ ಶುರು ಮಾಡಿದ್ದು ಇ-ಬರ್ಡ್‌ನಲ್ಲಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಇದನ್ನು ನಡೆಸುತ್ತದೆ. ಯಾರು, ಯಾವತ್ತು, ಎಲ್ಲಿ, ಯಾವ ಹಕ್ಕಿ ನೋಡಿದರು ಅನ್ನುವ ಪಟ್ಟಿಗಳು ಅದರಲ್ಲಿ ಎಲ್ಲರಿಗೂ ಸಿಗುತ್ತವೆ. ಸಾಮಾನ್ಯವಾಗಿ ಜನ ಅಲ್ಲಿ ಅತಿ ಉದ್ದದ ಪಟ್ಟಿ ಯಾರದು ಅಂತ ನೋಡುತ್ತಾರೆ. ನಾನು ಬೇರೆ ಥರ ನೋಡಿದೆ. ಸಿಂಹರಾಜಕ್ಕೆ ಪ್ರವಾಸಿಗಳು ಜಾಸ್ತಿ ಹೋಗುವುದು ಜನವರಿಯಿಂದ ಏಪ್ರಿಲ್ ತನಕ, ಆಗ ಮಳೆ ಕಡಿಮೆ. ಜೋರು ಮಳೆಯ ತಿಂಗಳಲ್ಲಿ ಅಲ್ಲಿಂದ ಯಾರು ಪಟ್ಟಿ ಹಾಕಿದ್ದಾರೆ ಅಂತ ಹುಡುಕಿದೆ. ಪ್ರವಾಸಿಗಳಿಲ್ಲದ ಕಾಲದಲ್ಲೂ ಕಾಡಿಗೆ ಹೋಗಿ ಹತ್ತು ಹದಿನೈದು ಹಕ್ಕಿಯ ಸಣ್ಣ ಪಟ್ಟಿ ಬರೆಯುವವರು ದುಡ್ಡಿಗಾಗಿ ಹೋಗಿರುವುದಿಲ್ಲ, ಅಲ್ವಾ? ಅಂಥ ಹೆಸರು ಬಹಳ ಇರಲಿಲ್ಲ. ಅದರಲ್ಲಿ ಒಂದು ಹೆಸರು ಕುಡಾವ ಊರಿನವರದು. ಕುಡಾವ ಅಂದರೆ ಕಾಡಿನ ಬಾಗಿಲಲ್ಲೇ ಇರುವ ಹಳ್ಳಿ.

ಆ ನಡುವೆ ಬೇರೆ ಕೆಲವರಿಗೂ ವಾಟ್ಸಾಪ್‌ನಲ್ಲಿ ಬರೆದಿದ್ದೆ. ಒಂದು ಪ್ರವಾಸ ಸಂಸ್ಥೆಯಿಂದ ತಕ್ಷಣ ಉತ್ತರ ಬಂತು. ಬಣ್ಣಬಣ್ಣದ ಪಿಡಿಎಫ್. ಎಂಡೆಮಿಕ್, ಅಂದರೆ ಶ್ರೀಲಂಕಾದಲ್ಲಿ ಮಾತ್ರ ಇರುವ ಹಕ್ಕಿಗಳೆಲ್ಲ ಗ್ಯಾರಂಟಿ ಅಂತ ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಯಾವ ಗೈಡ್ ಬರುತ್ತಾರೆ ಅಂತ ಕೇಳಿದೆ. ಬಂದಾಗ ಗೊತ್ತಾಗುತ್ತದೆ ಅಂದರು. ನನಗೆ ಅಲ್ಲಿಗೇ ಮನಸ್ಸು ಮುರಿಯಿತು. ಹಕ್ಕಿಗೆ ರೆಕ್ಕೆ ಇದೆ. ಅದರ ಬಗ್ಗೆ ಗ್ಯಾರಂಟಿ ಕೊಡುವವರು ಹಕ್ಕಿ ಸಿಗದೆ ಹೋದಾಗ ಏನೇನು ಮಾಡುತ್ತಾರೋ ಅನ್ನುವ ಅಂಜಿಕೆ ಬರುತ್ತದೆ.

ಕುಡಾವದವರು ಎರಡು ದಿನ ಬಿಟ್ಟು ಉತ್ತರ ಕೊಟ್ಟರು. ಕಾಡಿನಲ್ಲಿ ಸಿಗ್ನಲ್ ಇರಲಿಲ್ಲವಂತೆ. ಉತ್ತರ ಅಂದೆನಲ್ಲ, ಅದರಲ್ಲಿ ಇದ್ದದ್ದು ಬರೀ ಪ್ರಶ್ನೆಗಳು. ಎಷ್ಟು ಜನ ಬರುತ್ತೀರಿ? ಎಲ್ಲರಿಗಿಂತ ಹಿರಿಯರಿಗೆ ವಯಸ್ಸೆಷ್ಟು, ಮೊಣಕಾಲು ಹೇಗಿದೆ? ಮಗು ಎಷ್ಟು ಹೊತ್ತು ಸುಮ್ಮನಿರುತ್ತದೆ? ಕ್ಯಾಮೆರಾದವರೋ, ದುರ್ಬೀನಿನವರೋ? ಪಟ್ಟಿ ಉದ್ದ ಆಗಬೇಕೋ, ಕೆಲವೇ ಹಕ್ಕಿಗಳನ್ನು ನಿಧಾನಕ್ಕೆ ನೋಡಬೇಕೋ? ಕೊನೆಯದು ನನಗೆ ಬಹಳ ಹಿಡಿಸಿತು. ನಿಮ್ಮೂರಲ್ಲಿ ದಿನಾ ಯಾವ್ಯಾವ ಹಕ್ಕಿ ನೋಡುತ್ತೀರಿ?

ಯಾಕೆ ಇದು ಅಂತ ಕೇಳಿದೆ. ಭಾರತದಿಂದ ಬರುವವರಿಗೆ ಇಲ್ಲಿನ ಅರ್ಧ ಹಕ್ಕಿ ಮೊದಲೇ ಗೊತ್ತಿರುತ್ತದೆ, ಕೆಂಬೂತ, ಸೂರಕ್ಕಿ, ಮಿಂಚುಳ್ಳಿ ತೋರಿಸುತ್ತಾ ನಿಮ್ಮ ಬೆಳಗಿನ ಹೊತ್ತು ಕಳೆಯಬಾರದಲ್ಲ ಅಂದರು. ಯುರೋಪಿನವರಿಗೆ ಅವೇ ಹೊಸವು, ಅವರಿಗೆ ಬೇರೆ ಲೆಕ್ಕ. ನಾನು ಹಿನ್ನೀರಿನ ಪಟ್ಟಿ ಕಳಿಸಿದೆ. ಬೀಳಗಿ ಕಡೆಯ ಬಯಲಿನಲ್ಲಿ ನೋಡಿದವನ್ನೂ ಸೇರಿಸಿದೆ. ಹೆಬ್ಬಾತುಗಳ ಬಗ್ಗೆ ಅವರೇ ತಿರುಗಿ ಹತ್ತು ಮಾತು ಕೇಳಿದರು.

ನಾನು ಕೇಳಿದ್ದೂ ಇತ್ತು. ಮೊದಲನೆಯದು ಲೈಸೆನ್ಸ್. ಶ್ರೀಲಂಕಾದಲ್ಲಿ ಪ್ರವಾಸೋದ್ಯಮ ಪ್ರಾಧಿಕಾರ ಗೈಡ್‌ಗಳಿಗೆ ಲೈಸೆನ್ಸ್ ಕೊಡುತ್ತದೆ. ಅದರಲ್ಲಿ ಬಗೆಗಳಿವೆ. ಇಡೀ ದೇಶಕ್ಕೆ ಒಂದು, ಒಂದು ಪ್ರದೇಶಕ್ಕೆ ಅಥವಾ ಜಾಗಕ್ಕೆ ಒಂದು, ಕಾರು ಓಡಿಸಿಕೊಂಡೇ ಊರು ತೋರಿಸುವವರಿಗೆ ಇನ್ನೊಂದು. ನಮ್ಮ ಜನ ಹೆಚ್ಚಾಗಿ ಕೊಲಂಬೊದಲ್ಲಿ ಕಾರು ಹಿಡಿದು ಅದರ ಡ್ರೈವರನ್ನೇ ಗೈಡ್ ಅಂತ ಕರೆದುಕೊಂಡು ಹೋಗುತ್ತಾರೆ. ದೇವಸ್ಥಾನಕ್ಕೆ, ಕೋಟೆಗೆ ಅದು ಸರಿ. ಹಕ್ಕಿಯ ವಿಷಯಕ್ಕೆ ಸಾಲದು. ಎರಡನೆಯದು ಪ್ಲೇಬ್ಯಾಕ್. ಅಂದರೆ ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ, ಇನ್ನೊಂದು ಹಕ್ಕಿ ತನ್ನ ಜಾಗಕ್ಕೆ ಬಂತು ಅಂತ ಅದನ್ನು ನಂಬಿಸಿ ಹೊರಗೆ ಕರೆಯುವುದು. ನೀವು ಹಾಕುತ್ತೀರಾ ಅಂತ ನೇರವಾಗಿ ಕೇಳಿದೆ. "ಇಲ್ಲ. ನೀವು ಹೋದ ಮೇಲೂ ನಾನು ಇಲ್ಲೇ ಇರಬೇಕಲ್ಲ" ಅಂತ ಬರೆದರು. ಆ ಒಂದು ಸಾಲಿಗೆ ನಾನು ಅವರನ್ನು ಗೊತ್ತು ಮಾಡಿದೆ.

ದುಡ್ಡಿನ ಮಾತು ಬಿಡಿಸಿ ಬಿಡಿಸಿ ಆಡಿದೆವು. ಇದರಲ್ಲಿ ಸಂಕೋಚ ಬೇಡ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಗೈಡ್‌ನ ದಿನದ ಲೆಕ್ಕ ಒಂದು. ಕುಡಾವದಿಂದ ಒಳಗೆ ಹೋಗುವ ಜೀಪು ಬೇರೆ. ಗೇಟಿನ ಟಿಕೆಟ್ ಬೇರೆ, ಅದು ವಿದೇಶಿಯರಿಗೆ ಜಾಸ್ತಿ. ಗೇಟಿನಿಂದ ಬರುವ ಗೈಡ್‌ಗೆ ಕೊಡುವುದು ಬೇರೆ. ಮಧ್ಯಾಹ್ನದ ಊಟ ಯಾರ ಲೆಕ್ಕದಲ್ಲಿ? ಮಳೆ ಬಂದು ಅರ್ಧ ದಿನ ಹೋದರೆ ಏನು? ನಮ್ಮ ಜೊತೆ ಬೇರೆ ಗುಂಪು ಸೇರಿಸುತ್ತಾರಾ? ಎಲ್ಲಕ್ಕೂ ಒಂದೊಂದು ಸಾಲಿನ ಉತ್ತರ ಬರೆಸಿಕೊಂಡೆ. ಪೂರ್ತಿ ಹಣ ಮೊದಲೇ ಕಳಿಸಿ ಅಂತ ಅವರು ಕೇಳಲಿಲ್ಲ. ಸ್ವಲ್ಪ ಮುಂಗಡ, ಉಳಿದದ್ದು ಹೊರಡುವ ದಿನ ನಗದು. ಕುಡಾವ ಸಣ್ಣ ಹಳ್ಳಿ, ದುಡ್ಡು ರತ್ನಪುರದಲ್ಲೇ ತೆಗೆದಿಟ್ಟುಕೊಳ್ಳಿ ಅಂತ ಎಚ್ಚರಿಸಿದ್ದೂ ಅವರೇ.

ಪ್ರಯಾಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಟಿಎ, ಅಂದರೆ ಶ್ರೀಲಂಕಾಕ್ಕೆ ಹೋಗುವ ಅನುಮತಿ, ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿದೆವು. ರಾತ್ರಿ ರೈಲಿಗೆ ಬೆಂಗಳೂರು, ಅಲ್ಲಿಂದ ಕೊಲಂಬೊ. ಗಡಿಯಾರ ಸಹ ತಿರುಗಿಸಬೇಕಾಗಿಲ್ಲ, ಎರಡೂ ದೇಶದ ಟೈಮ್ ಒಂದೇ. ಮಾವನವರು ಕಿಟಕಿ ಬಿಟ್ಟು ಕದಲಲಿಲ್ಲ. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮಹಾಲಿಂಗಪುರದ ಬೆಲ್ಲ ಇತ್ತು. ಸಮುದ್ರ, ರೈಲು ಎಲ್ಲ ಮುಗಿಸಿ ರತ್ನಪುರ, ಕಲವಾನ, ವೆದ್ದಗಲ ದಾಟಿ ಕುಡಾವಕ್ಕೆ ಬಂದಾಗ ಸಂಜೆ. ದಾರಿಯ ಎರಡೂ ಕಡೆ ಚಹಾ ತೋಟ, ಅದರ ಹಿಂದೆ ಕಾಡು.

ಗೈಡ್ ಹೋಮ್‌ಸ್ಟೇಗೇ ಬಂದರು. ನಡುವಯಸ್ಸಿನವರು, ಮೆಲುದನಿ. ಮೊದಲು ಮಾಡಿದ ಕೆಲಸ ನಮ್ಮ ದುರ್ಬೀನುಗಳನ್ನು ನೋಡಿದ್ದು. ಮಾವನವರ ಕನ್ನಡಕಕ್ಕೆ ಸರಿಯಾಗುವಂತೆ ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಗೆ ತಿರುಗಿಸಿಕೊಟ್ಟರು. ಅಷ್ಟು ವರ್ಷದಿಂದ ನಮ್ಮನೆಯಲ್ಲಿದ್ದ ದುರ್ಬೀನಿನಲ್ಲಿ ಮಾವನವರು ಅವತ್ತು ಪೂರ್ತಿ ದೃಶ್ಯ ನೋಡಿದರು. ಆಮೇಲೆ ಎಲ್ಲರಿಗೂ ಜಿಗಣೆ ಸಾಕ್ಸ್ ಹಂಚಿದರು. ಮೊಣಕಾಲ ತನಕ ಬರುವ ದಪ್ಪ ಬಟ್ಟೆಯ ಚೀಲ ಅದು. ಕಾಲಿಗೆ ಹಾಕಿ, ಅದರ ಮೇಲೆ ಬೂಟು. ಮಗಳ ಕೆಂಪು ಜಾಕೆಟ್ ನೋಡಿ, ನಾಳೆ ಇದನ್ನು ಬಿಟ್ಟು ಬಾ ಅಂದರು.

ಹಿಂದಿನ ರಾತ್ರಿ ಮಳೆಯಾಗಿತ್ತು. ಬೆಳಿಗ್ಗೆ ಜೀಪಿನಲ್ಲಿ ಗೇಟಿನ ತನಕ ಹೋದೆವು. ಗೇಟಿನಲ್ಲಿ ಸರದಿಯವರೂ ಸೇರಿಕೊಂಡರು. ಅವರೂ ಕುಡಾವದವರೇ, ಇಬ್ಬರಿಗೂ ಮೊದಲಿಂದ ಪರಿಚಯ. ಒಬ್ಬರು ಮುಂದೆ, ಒಬ್ಬರು ಹಿಂದೆ. ಒಳಗೆ ಅಗಲವಾದ, ಸಮವಾದ ದಾರಿ. ಮಾವನವರ ಮೊಣಕಾಲಿನ ಸಲುವಾಗಿ ಈ ದಾರಿ ಆರಿಸಿದ್ದೇನೆ, ಜಲಪಾತದ ಕಡೆ ಇಳಿಜಾರು ಜಾಸ್ತಿ ಅಂದರು.

ಈ ದಾರಿಗೂ ಒಂದು ಕಥೆ ಇದೆ. 1970ರ ದಶಕದಲ್ಲಿ ಪ್ಲೈವುಡ್ ಮಾಡುವುದಕ್ಕೆ ಸಿಂಹರಾಜದ ಮರ ಕಡಿಯುತ್ತಿದ್ದರು. ಲಾರಿ ಓಡಾಡಲಿ ಅಂತ ಮಾಡಿದ ದಾರಿ ಇದು. ಕಾಡು ಉಳಿಸಬೇಕು ಅಂತ ಆಗ ಶ್ರೀಲಂಕಾದಲ್ಲಿ ದೊಡ್ಡ ಹೋರಾಟ ನಡೆಯಿತು. ಸ್ವಿಟ್ಜರ್ಲೆಂಡ್ ಮೂಲದ ಥಿಲೋ ಹಾಫ್‌ಮನ್ ಅದರಲ್ಲಿ ಮುಂದೆ ನಿಂತವರು. ಆ ದಶಕದ ಕೊನೆಗೆ ಕಡಿಯುವುದು ನಿಂತಿತು. ಗೈಡ್‌ನ ತಂದೆ ಆಗ ಮರ ಕಡಿಯುವ ಕೂಲಿ ಮಾಡಿದವರಂತೆ. ಇದನ್ನು ನಾನು ಕನ್ನಡದಲ್ಲಿ ಹೇಳಿದಾಗ ಮಾವನವರು ನಿಂತುಬಿಟ್ಟರು. "ಕಡಿದವರ ಮಗ ಈಗ ಕಾಯಾಕತ್ತಾನ. ಛಲೋ ಆತು" ಅಂದರು. ಊರು ಕಳೆದುಕೊಂಡವರಿಗೆ ಉಳಿದ ಕಾಡಿನ ಬೆಲೆ ಬೇಗ ತಿಳಿಯುತ್ತದೆ.

ಮೊದಲ ಅರ್ಧ ಗಂಟೆ ಒಂದು ಹಕ್ಕಿಯೂ ಕಾಣಲಿಲ್ಲ. ಮೇಲೆ ಎಲ್ಲೋ ಹಳದಿ ಹಣೆಯ ಕುಟ್ರುಹಕ್ಕಿ ಒಂದೇ ಸಮ ಕೂಗುತ್ತಿತ್ತು. ಮಾವನವರು ನನ್ನ ಹತ್ತಿರ ಬಂದು, "ಯವ್ವಾ, ಬರೇ ಕೂಗು ಕೇಳಾಕತ್ತೈತಿ, ಹಕ್ಕಿ ಎಲ್ಲೈತಿ?" ಅಂತ ಕೇಳಿದರು. ಗೈಡ್ ಮಾತ್ರ ಅವಸರ ಮಾಡಲಿಲ್ಲ. ಆ ಹೊತ್ತಿನಲ್ಲಿ ಅವರು ನಮಗೆ ನೋಡುವುದನ್ನು ಕಲಿಸಿದರು. ಹಕ್ಕಿ ತೋರಿಸುವಾಗ ಅವರು ಬೆರಳು ಚಾಚುವುದಿಲ್ಲ. ಬೆರಳು ನೋಡಿದರೆ ಯಾರಿಗೂ ಜಾಗ ಸಿಗುವುದಿಲ್ಲ, ಕೈಯ ಅಲುಗಾಟಕ್ಕೆ ಹಕ್ಕಿಯೂ ಹಾರುತ್ತದೆ. ಮೊದಲು ಒಂದು ಮರ ಗುರುತು ಮಾಡಿಸುತ್ತಾರೆ. ಬಿಳಿ ಕಾಂಡ, ಅದಕ್ಕೆ ಬಳ್ಳಿ ಸುತ್ತಿದೆ, ಕಂಡಿತಾ? ಎಲ್ಲರೂ ಹೂಂ ಅಂದ ಮೇಲೆ ಮರದ ತಲೆಯನ್ನು ಗಡಿಯಾರ ಮಾಡುತ್ತಾರೆ. ಈಗ ಎರಡು ಗಂಟೆಯ ಕಡೆ, ಒಣಗಿದ ಕೊಂಬೆ, ಅದರ ಬುಡ. ಮಗಳು ಎರಡೇ ನಿಮಿಷದಲ್ಲಿ ಇದನ್ನು ಹಿಡಿದಳು. ಮಧ್ಯಾಹ್ನದ ಹೊತ್ತಿಗೆ ಅವಳೇ ಅಜ್ಜನಿಗೆ ಗಂಟೆ ಹೇಳುತ್ತಿದ್ದಳು. ಹಸಿರು ಲೇಸರ್ ಲೈಟ್ ಬಿಟ್ಟು ತೋರಿಸುವ ಗೈಡ್‌ಗಳನ್ನು ನಾನು ಬೇರೆ ಕಡೆ ನೋಡಿದ್ದೇನೆ. ಹಕ್ಕಿಯ ಕಣ್ಣಿಗೆ ಅದು ಒಳ್ಳೆಯದಲ್ಲ. ಇವರ ಹತ್ತಿರ ಅದು ಇರಲೇ ಇಲ್ಲ.

ಇದ್ದಕ್ಕಿದ್ದಂತೆ ಅವರು ಕೈ ಎತ್ತಿ ನಿಲ್ಲಿಸಿದರು. ದೂರದಲ್ಲಿ ಕಚಪಚ ಸದ್ದು. "ಗುಂಪು ಬರುತ್ತಿದೆ. ಎಲ್ಲೂ ಹೋಗಬೇಡಿ, ಅದೇ ನಮ್ಮ ಹತ್ತಿರ ಬರುತ್ತದೆ" ಅಂದರು.

ಸಿಂಹರಾಜದ ಹಕ್ಕಿಗಳು ಒಬ್ಬೊಬ್ಬರಾಗಿ ತಿರುಗುವುದು ಕಡಿಮೆ. ಹಲವು ಜಾತಿಯ ಹಕ್ಕಿಗಳು ಒಟ್ಟಾಗಿ ಮೇಯುತ್ತಾ ಹೋಗುತ್ತವೆ. ಪ್ರೊಫೆಸರ್ ಸರತ್ ಕೊಟಗಾಮ ಮತ್ತು ಅವರ ಜೊತೆಗಾರರು ಇಲ್ಲಿನ ಗುಂಪುಗಳನ್ನು ದಶಕಗಳಿಂದ ಅಭ್ಯಾಸ ಮಾಡಿದ್ದಾರೆ. ಒಂದೊಂದು ಗುಂಪಿನಲ್ಲಿ ಸರಾಸರಿ 40ರಷ್ಟು ಹಕ್ಕಿಗಳು, ಹತ್ತಕ್ಕೂ ಹೆಚ್ಚು ಜಾತಿಗಳು. ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳು ಗುಂಪಿನ ಬೆನ್ನೆಲುಬು. ಜುಟ್ಟಿನ ಕಾಜಾಣ ಕಾವಲುಗಾರ. ಗಿಡುಗ ಬಂದರೆ ಮೊದಲು ಕೂಗಿ ಎಚ್ಚರಿಸುವುದು ಅದೇ. ಬೇರೆ ಹಕ್ಕಿಗಳ ಕೂಗನ್ನೂ ಅದು ಹಾಗೇ ಎತ್ತಿ ಆಡುತ್ತದೆ.

ನಾವು ನಿಂತಲ್ಲೇ ನಿಂತೆವು. ಮೊದಲು ಪೊದೆಯ ಎತ್ತರದಲ್ಲಿ ಹರಟೆಮಲ್ಲಗಳು ಬಂದವು, ಒಂದರ ಹಿಂದೆ ಒಂದು, ಎಲೆ ತಿರುವಿ ಹಾಕುತ್ತಾ. ನೆಲದಲ್ಲಿ ಬೂದು ತಲೆಯವು. ಮೇಲಿನ ಕೊಂಬೆಗೆ ಕಾಜಾಣ ಬಂದು ಕೂತಿತು. ಮಲಬಾರ್ ಟ್ರೋಗನ್ ಗಂಡೊಂದು ಕೆಂಪು ಎದೆ ತೋರಿಸಿ ಕೂತು ಬಿಟ್ಟಿತು, ಅದು ನಮ್ಮ ಪಶ್ಚಿಮ ಘಟ್ಟದಲ್ಲೂ ಇರುವಂಥದ್ದು. "ಮೇಲೆ, ಮೇಲೆ ನೋಡಿ" ಅಂತ ಗೈಡ್ ಪಿಸುಗುಟ್ಟಿದರು. ಮರದ ನೆತ್ತಿಯಲ್ಲಿ ಉದ್ದ ಬಾಲದ ಒಂದು ಹಕ್ಕಿ ಕೊಂಬೆಯಿಂದ ಕೊಂಬೆಗೆ ಹತ್ತುತ್ತಿತ್ತು. ಕಣ್ಣಿನ ಸುತ್ತ ಕುಂಕುಮ ಮೆತ್ತಿದಷ್ಟು ಕೆಂಪು. ಕೆಂಪು ಮುಖದ ಮಾಲ್ಕೋಹ. ಶ್ರೀಲಂಕಾದಲ್ಲಿ ಮಾತ್ರ ಇರುವ ಹಕ್ಕಿ, ಅಲ್ಲೂ ದೊಡ್ಡ ಕಾಡುಗಳಲ್ಲೇ. ನನ್ನ ಕೈ ನಡುಗುತ್ತಿತ್ತು, ದುರ್ಬೀನು ನಿಲ್ಲಲಿಲ್ಲ. ಗೈಡ್ ನನ್ನ ಮೊಣಕೈಯನ್ನು ಬೇಲಿಗೂಟಕ್ಕೆ ಆನಿಸಿ ನಿಲ್ಲಿಸಿದರು. ಆಗ ಅದರ ಕಣ್ಣು ಸಹ ಕಂಡಿತು.

ಮಾವನವರು ಮೇಲೆ ನೋಡುತ್ತಿರಲಿಲ್ಲ. ಅವರ ಕಣ್ಣು ಕಾಜಾಣದ ಮೇಲೆ. ಹರಟೆಮಲ್ಲಗಳು ಎಲೆ ಕೆದರಿದಾಗ ಹುಳ ಹಾರಿದರೆ ಕಾಜಾಣ ಎರಗಿ ಹಿಡಿದು ತಿರುಗಿ ಕೊಂಬೆಗೆ ಬರುತ್ತಿತ್ತು. "ನಮ್ಮ ಹೊಲದಾಗ ರಂಟಿ ಹೊಡಿಯುವಾಗ ಹಿಂದ ಬೆಳ್ಳಕ್ಕಿ ಬರ್ತಾವಲ್ಲ, ಅದ ಇದು" ಅಂದರು. ನಾನು ಇಂಗ್ಲಿಷ್‌ನಲ್ಲಿ ಹೇಳಿದೆ. ಗೈಡ್ ಮುಖ ಅರಳಿತು. ಸರಿಯಾಗಿ ಹೇಳಿದರು, ಕಾಜಾಣ ಈ ಗುಂಪಿನ ಜೊತೆ ಇರುವ ಕಾರಣಗಳಲ್ಲಿ ಅದೂ ಒಂದು ಅಂದರು. ಆಮೇಲೆ ಅವರು ಮಾವನವರನ್ನು ಪಕ್ಕದಲ್ಲೇ ಇಟ್ಟುಕೊಂಡು ನಡೆದರು. ಇಬ್ಬರಿಗೂ ಒಂದೇ ಒಂದು ಸಾಮಾನ್ಯ ಭಾಷೆ ಇಲ್ಲ. ಸನ್ನೆಯಲ್ಲೇ ಮಾತು.

ಬಹಳ ಹೊತ್ತು ಇದ್ದ ಹಾಗೆ ಅನ್ನಿಸಿತು, ಕೆಲವೇ ನಿಮಿಷ ಇರಬೇಕು. ಗುಂಪು ದಾರಿ ದಾಟಿ ಆಚೆ ಹೋಯಿತು. ಕಾಡು ಮತ್ತೆ ಖಾಲಿ. ಹಿಂದೆ ಓಡೋಣವಾ ಅಂತ ಮಗಳು ಕೇಳಿದಳು. ಬೇಡ, ಇನ್ನೊಂದು ಗುಂಪು ಬರುತ್ತದೆ, ಒಳಗೆ ನುಗ್ಗಿದರೆ ಅವುಗಳ ಊಟ ಕೆಡುತ್ತದೆ ಅಂದರು.

ಸ್ವಲ್ಪ ಮುಂದೆ ಬೇರೆ ಪ್ರವಾಸಿಗಳು ಸಿಕ್ಕರು. ಅವರ ಗೈಡ್ ಸಣ್ಣ ಸ್ಪೀಕರ್‌ನಲ್ಲಿ ಒಂದು ಕೂಗು ಹಾಕಿದ್ದರು. ಮತ್ತೆ ಮತ್ತೆ ಅದೇ ಕೂಗು. ಹಸಿರು ಕೊಕ್ಕಿನ ಕೆಂಬೂತಕ್ಕೆ ಇರಬೇಕು. ನಮ್ಮವರು ಏನೂ ಅನ್ನಲಿಲ್ಲ. ಅವರು ಹೋಗುವ ತನಕ ನಮ್ಮನ್ನು ಒಂದು ಕಲ್ಲಿನ ಮೇಲೆ ಕೂರಿಸಿ ನೀರು ಕುಡಿಸಿದರು. ಆ ಕೆಂಬೂತ ನಮಗೆ ಕೊನೆಯ ತನಕ ಕಾಣಲಿಲ್ಲ. ಸಂಜೆ ಕಣಿವೆಯ ಆಚೆಯಿಂದ ಅದರ ಆಳವಾದ ಕೂಗು ಮಾತ್ರ ಕೇಳಿತು. ನೋಡಬೇಕು ಅಂತ ನನಗೂ ಆಸೆ ಇತ್ತು. ಆದರೆ ದಿನಾ ಬರುವ ಗುಂಪುಗಳೆಲ್ಲ ಸ್ಪೀಕರ್ ಹಾಕಿದರೆ ಆ ಹಕ್ಕಿ ಯಾವಾಗ ಮೇಯಬೇಕು, ಯಾವಾಗ ಮರಿಗೆ ಉಣಿಸಬೇಕು? ನೋಡದೆ ಬಂದದ್ದಕ್ಕೆ ನನಗೆ ಬೇಸರವಿಲ್ಲ.

ಊಟದ ಹೊತ್ತಿಗೆ ನಾವು ರೊಟ್ಟಿ, ಹಿಂಡಿ ತೆಗೆದೆವು. ಅವರ ಮನೆಯಿಂದ ಕೆಂಪಕ್ಕಿ ಅನ್ನ, ಹಲಸಿನಕಾಯಿ ಪಲ್ಯ, ಕಾಯಿತುರಿಯ ಸಂಬೋಲ ಬಂದಿತ್ತು. ಮಾವನವರು ಬೆಲ್ಲ ಕೊಟ್ಟರು. ಗೈಡ್ ತಮ್ಮ ಚೀಲದಿಂದ ಕಿತುಲ್ ಬೆಲ್ಲದ ಉಂಡೆ ತೆಗೆದರು. ಕಿತುಲ್ ಅಂದರೆ ನಮ್ಮ ಬೈನೆ ಮರ, ಅದರ ಹೂಗೊಂಚಲಿನ ರಸ ಕಾಯಿಸಿ ಮಾಡುತ್ತಾರೆ. ಕಾಡಂಚಿನ ಹಳ್ಳಿಗಳಲ್ಲಿ ಇದು ಹಳೆಯ ಕಸುಬು. ಸ್ವಲ್ಪ ಹೊಗೆಯ ವಾಸನೆ, ಬಹಳ ರುಚಿ.

ಮಾರನೇ ದಿನ ಗೂಬೆ. ಸೆರೆಂಡಿಬ್ ಸ್ಕಾಪ್ಸ್ ಗೂಬೆ ಅಂತ ಅದರ ಹೆಸರು. ಶ್ರೀಲಂಕಾದ ಪಕ್ಷಿತಜ್ಞ ದೀಪಲ್ ವರಕಗೊಡ 1995ರಲ್ಲಿ ಗೊತ್ತಿಲ್ಲದ ಒಂದು ಕೂಗು ಕೇಳಿದರು. ಅದನ್ನೇ ಬೆನ್ನು ಹತ್ತಿ ಹಕ್ಕಿಯನ್ನು ಕಣ್ಣಾರೆ ಕಂಡದ್ದು 2001ರಲ್ಲಿ, ಇದೇ ಸಿಂಹರಾಜದಲ್ಲಿ. 2004ರಲ್ಲಿ ಹೊಸ ಜಾತಿ ಅಂತ ಪ್ರಕಟವಾಯಿತು. ವೈಜ್ಞಾನಿಕ ಹೆಸರಿನಲ್ಲಿ ಥಿಲೋ ಹಾಫ್‌ಮನ್ ಅವರ ಹೆಸರಿದೆ. ಕಾಡು ಉಳಿಸಿದವರ ಹೆಸರು ಆ ಕಾಡಿನ ಹಕ್ಕಿಗೆ ಬಂತು. ಮರ ಕಡಿಯುವುದು ಮುಂದುವರಿದಿದ್ದರೆ ಇದು ಯಾರಿಗೂ ಗೊತ್ತಾಗದೆ ಹೋಗಬಹುದಿತ್ತು.

ಗೂಬೆ ಸಿಕ್ಕೇ ಸಿಗುತ್ತದೆ ಅಂತ ಗೈಡ್ ಒಮ್ಮೆಯೂ ಹೇಳಿರಲಿಲ್ಲ. ನಸುಕಿನಲ್ಲೇ ಒಬ್ಬರೇ ಹೋಗಿ, ಅದು ಕೊನೆಗೆ ಕೂಗಿದ ಕಡೆ ಹುಡುಕಿ ಬಂದಿದ್ದರು. ನಮ್ಮನ್ನು ದಾರಿಯಲ್ಲಿ ನಿಲ್ಲಿಸಿ ಮತ್ತೆ ಒಳಗೆ ಹೋದರು. ಬಹಳ ಹೊತ್ತು ಸುಳಿವಿಲ್ಲ. ವಾಪಸ್ ಬಂದಾಗ ಅಂಗಿ ಒದ್ದೆ, ಕೈ ತುಂಬಾ ಗೀರು. ಇಬ್ಬಿಬ್ಬರೇ ಬನ್ನಿ, ಫ್ಲಾಶ್ ಬೇಡ, ನಾನು ಸಾಕು ಅಂದಾಗ ಹಿಂದೆ ಬರಬೇಕು ಅಂದರು. ಮೊದಲು ಮಾವನವರು ಮತ್ತು ನಾನು. ಇಳಿಜಾರಿನಲ್ಲಿ ಅವರು ಮಾವನವರ ಕೈ ಬಿಡಲಿಲ್ಲ.

ಜರಿಗಿಡದ ಪೊದೆ. ನೆಲದಿಂದ ನನ್ನ ಸೊಂಟದಷ್ಟು ಎತ್ತರ. ಎಲೆಗಳ ನಡುವೆ ಒಂದು ಸಂದು, ಅದರೊಳಗೆ ಒಣ ಎಲೆಯ ಬಣ್ಣದ ಒಂದು ಗುಡ್ಡೆ. ಗೇಣಿಗಿಂತ ಚಿಕ್ಕದು. ಬೇರೆ ಸ್ಕಾಪ್ಸ್ ಗೂಬೆಗಳಿಗೆ ಇರುವಂಥ ಕಿವಿಗರಿ ಇಲ್ಲ. ಕಂದುಗೆಂಪು ಮೈಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆ. ಉಸಿರಾಡುವಾಗ ಎದೆಯ ಗರಿ ಸ್ವಲ್ಪ ಎದ್ದು ಇಳಿಯುತ್ತಿತ್ತು. ಒಂದು ಕಣ್ಣು ಅರ್ಧ ತೆರೆದು ನಮ್ಮನ್ನು ನೋಡಿ ಮತ್ತೆ ಮುಚ್ಚಿತು. ಮಾವನವರು ನನಗೆ ತಿಳಿಯದ ಹಾಗೆ ಕೈ ಮುಗಿದಿದ್ದರು. ಗೈಡ್ ನನ್ನ ಭುಜ ಮುಟ್ಟಿದರು. ಹಿಂದೆ ಸರಿದೆವು. ಯಜಮಾನರು ಮತ್ತು ಮಗಳು ಹೋಗಿ ಬಂದರು. ಹೊರಗೆ ಬರುವಾಗ ಗೈಡ್ ಸರಿಸಿದ್ದ ಎಲೆಗಳನ್ನು ಮೊದಲಿನ ಹಾಗೆ ಬಿಟ್ಟು, ತುಳಿದ ಗುರುತು ಕಾಣದಂತೆ ಒಂದು ಕೊಂಬೆ ಅಡ್ಡ ಇಟ್ಟರು. ನಾಳೆ ಅದೇ ಜಾಗಕ್ಕೆ ಇನ್ನೊಬ್ಬರನ್ನು ಕರೆದು ತರುತ್ತೀರಾ ಅಂತ ಕೇಳಿದೆ. ಇಲ್ಲ, ನಾಳೆ ಇದಕ್ಕೆ ರಜೆ ಅಂದರು.

ಯಜಮಾನರು ಆಮೇಲೆ ದುಡ್ಡಿನ ಮಾತು ಎತ್ತಲಿಲ್ಲ. ಎತ್ತಿದ್ದು ಹೊರಡುವ ದಿನ, ಅದೂ ಎಷ್ಟು ಜಾಸ್ತಿ ಕೊಡೋಣ ಅಂತ. ಮಾತಾಡಿದ ಹಣ ಲೆಕ್ಕ ಹಾಕಿ ಒಂದು ಲಕೋಟೆ, ಖುಷಿಯಿಂದ ಕೊಡುವುದು ಇನ್ನೊಂದು ಲಕೋಟೆ. ಗೇಟಿನ ಗೈಡ್‌ಗೆ, ಜೀಪಿನವರಿಗೆ ಅವರವರ ಕೈಗೇ ಕೊಟ್ಟೆವು. ಒಬ್ಬರ ಕೈಗೆ ಕೊಟ್ಟು ಹಂಚಿಕೊಳ್ಳಿ ಅನ್ನುವುದು ಚೆನ್ನಾಗಿರುವುದಿಲ್ಲ.

ಅವರು ಇ-ಬರ್ಡ್ ಪಟ್ಟಿಯನ್ನು ನನ್ನ ಜೊತೆ ಹಂಚಿಕೊಂಡಿದ್ದರು. ನೋಡಿದೆ. ಕೆಂಬೂತದ ಮುಂದೆ ಕೇಳಿದ್ದು ಮಾತ್ರ ಅಂತ ಬರೆದಿದ್ದರು. ನಾನು ಬಿಳಿ ಮುಖದ ಮೈನಾ ಅಂದುಕೊಂಡು ಖುಷಿಪಟ್ಟಿದ್ದ ಒಂದು ಹಕ್ಕಿ ಪಟ್ಟಿಯಲ್ಲಿ ಇರಲಿಲ್ಲ. ಬೆಳಕಿಗೆ ಎದುರಾಗಿತ್ತು, ಖಚಿತವಾಗಿ ಹೇಳುವಷ್ಟು ಕಾಣಲಿಲ್ಲ ಅಂದರು. ದುಡ್ಡು ಕೊಟ್ಟವರನ್ನು ಖುಷಿಪಡಿಸಲು ಒಂದು ಹೆಸರು ಸೇರಿಸುವುದು ಅವರಿಗೆ ಕಷ್ಟವಿರಲಿಲ್ಲ. ಸೇರಿಸಲಿಲ್ಲ. ಅವರ ಮೇಲೆ ನನ್ನ ಗೌರವ ಇನ್ನೂ ಹೆಚ್ಚಿತು.

ಬೆಳಗಾವಿಯ ನನ್ನ ಗೆಳತಿ ಈಗ ಮನೆಯವರ ಜೊತೆ ಭೂತಾನ್‌ಗೆ ಹೊರಟಿದ್ದಾಳೆ. ಭೀಮಗಡದ ಕಾಡಿನಲ್ಲಿ ಓಡಾಡಿದವಳು, ಅಲ್ಲಿ ಹಿಮಾಲಯದ ಹಕ್ಕಿ ನೋಡಬೇಕು ಅಂತ ಆಸೆ. ಯಾರನ್ನು ಹಿಡಿಯಲಿ ಅಂತ ಫೋನ್ ಮಾಡಿದ್ದಳು. ಸೀಸನ್ ಇಲ್ಲದ ತಿಂಗಳ ಪಟ್ಟಿ ನೋಡು, ಪ್ಲೇಬ್ಯಾಕ್ ಬಗ್ಗೆ ನೇರವಾಗಿ ಕೇಳು, ಅವರು ತಿರುಗಿ ಏನು ಕೇಳುತ್ತಾರೆ ಅಂತ ಕಾಯಿ ಅಂದಿದ್ದೆ. ಮೊನ್ನೆ ಮೆಸೇಜ್ ಕಳಿಸಿದ್ದಳು. ಇಬ್ಬರು ಗೈಡ್‌ಗಳು ರೇಟು ಕಳಿಸಿದ್ದಾರಂತೆ. ಮೂರನೆಯವರು ನಿಮ್ಮ ತಾಯಿ ಎಷ್ಟು ಹೊತ್ತು ನಡೆಯುತ್ತಾರೆ, ಎತ್ತರದ ಜಾಗದಲ್ಲಿ ಅವರಿಗೆ ಉಸಿರಾಟ ಹೇಗಿರುತ್ತದೆ ಅಂತ ಕೇಳಿದ್ದಾರಂತೆ. ಅವರನ್ನೇ ಗೊತ್ತು ಮಾಡು ಅಂತ ಹೇಳಿದೆ.